ಬದುಕಿ ಉಳಿದವಳಿಗೆ ಕಲ್ಲಿಲ್ಲ

ಕೋಲಾರದ ಕಡೆ ಹುಟ್ಟಿ ಬೆಳೆದವರಿಗೆ, ಸತ್ತ ಗಂಡನ ಜೊತೆ ಬೆಂಕಿ ಹೊಕ್ಕವಳ ನೆನಪಿಗೆ ನೆಟ್ಟ ಮಾಸ್ತಿಕಲ್ಲು ಹೊಸದಲ್ಲ. ಮಾಲೂರಿನ ಸುತ್ತಮುತ್ತ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಕೆಳಗೆ, ಹುಣಸೆಮರದ ಬುಡದಲ್ಲಿ ಅರ್ಧ ಹೂತುಕೊಂಡು ನಿಂತಿರುತ್ತದೆ. ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಿಚಿ ಮೇಲೆದ್ದ ಒಂದು ತೋಳು, ಅದರ ತುಂಬ ಬಳೆ, ಕೆಲವು ಕಲ್ಲುಗಳಲ್ಲಿ ಬೆರಳ ನಡುವೆ ಒಂದು ನಿಂಬೆಹಣ್ಣು. ಅದರ ಪಕ್ಕದಲ್ಲೇ ವೀರಗಲ್ಲೂ ಇರುತ್ತದೆ, ತುರು ಬಿಡಿಸಲು ಹೋಗಿಯೋ ಊರು ಉಳಿಸಲು ಹೋಗಿಯೋ ಸತ್ತ ಗಂಡಸಿನದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಪೂರ್ತಿಯಾಗಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದನ್ನು ತೆರೆದರೆ ಕಾದಿ ಬಿದ್ದವರ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ.

ಆ ಬಳೆಯ ತೋಳಿಗೆ ಕೈಮುಗಿಯುವುದು ನನ್ನಿಂದ ಆಗುವುದಿಲ್ಲ. ಅವಳನ್ನು ಬೆಂಕಿಗೆ ಕೊಟ್ಟು ಆಮೇಲೆ ಪೂಜೆ ಮಾಡಿದವರ ಮೇಲೆ ನನಗೆ ಸಿಟ್ಟಿದೆ, ಅವಳ ಬಗ್ಗೆ ಸಂಕಟವಿದೆ. ಆದರೆ ಅಲ್ಲಿ ನಿಂತಾಗ ನಾನು ಹೆಚ್ಚು ನೆನೆಯುವುದು ಇನ್ನೊಬ್ಬಳನ್ನು. ಅದೇ ಊರಿನಲ್ಲಿ ಅದೇ ಕಾಳಗದಲ್ಲಿ ಅವಳ ಗಂಡನೂ ಸತ್ತ. ಅವಳು ಬೆಂಕಿ ಹೊಗಲಿಲ್ಲ. ಮಡಿಲಲ್ಲಿ ಕೂಸಿತ್ತು, ಹಟ್ಟಿಯಲ್ಲಿ ದನವಿತ್ತು, ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತು. ಅವಳು ಬದುಕಿದಳು. ಮಕ್ಕಳನ್ನು ಸಾಕಿದಳು, ಸೊಸೆಯರನ್ನು ತಂದಳು, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಸತ್ತಳು. ಸತ್ತ ಸಿಪಾಯಿಗೆ ಕಲ್ಲು ನೆಟ್ಟರು, ಅವನ ಜೊತೆ ಸತ್ತವಳಿಗೂ ನೆಟ್ಟರು. ಇವಳಿಗೆ ನೆಡಲಿಲ್ಲ.

ನಮ್ಮ ನೆನಪಿನ ವಿಧಾನಗಳೆಲ್ಲ ಥಟ್ಟನೆ ಮುಗಿದ ಬದುಕಿಗೆ ಹೇಳಿ ಮಾಡಿಸಿದವು. ಒಂದು ದಿನ, ಒಂದು ಕಾಳಗ, ಒಂದು ಸಾವು: ಇದನ್ನು ಕೆತ್ತಬಹುದು. ಅರವತ್ತು ಎಪ್ಪತ್ತು ವರ್ಷ ಒಲೆ ಉರಿಸಿದ್ದನ್ನು, ಊರಿಂದೂರಿಗೆ ಸಾಮಾನು ಕಟ್ಟಿದ್ದನ್ನು, ಕಾಗದಕ್ಕೆ ಕಾದದ್ದನ್ನು ಯಾವ ಕಲ್ಲುಕುಟಿಗ ಹೇಗೆ ಕೆತ್ತಬೇಕು? ಸಿಪಾಯಿಯ ಹೆಂಡತಿಯ ದೀರ್ಘಾಯುಷ್ಯ ನಮ್ಮಲ್ಲೂ ಹೀಗೆ ಕೈಬಿಟ್ಟುಹೋಗಿದೆ, ನಮ್ಮನ್ನು ಆಳಲು ಬಂದ ಇಂಗ್ಲಿಷರಲ್ಲೂ ಕೈಬಿಟ್ಟುಹೋಗಿದೆ.

ಕೋಲಾರ ಪೇಟೆಯಲ್ಲಿ ಮಕ್ಬರಾ ಇದೆ. ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿ ಅಲ್ಲಿದೆ. ಹೈದರ್ ಹುಟ್ಟಿದ್ದು ಇಲ್ಲಿಗೆ ಹತ್ತಿರದ ಬೂದಿಕೋಟೆಯಲ್ಲಿ. ತಂದೆ ಯುದ್ಧದಲ್ಲಿ ಸತ್ತಾಗ ಅವನೂ ಅಣ್ಣ ಶಹಬಾಜನೂ ಚಿಕ್ಕ ಹುಡುಗರು. ಸತ್ತವನ ಸಾಲದ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿ ಆ ಮನೆಯನ್ನು ಹಿಂಡಿದ, ಮಕ್ಕಳನ್ನು ಹಿಂಸಿಸಿದ. ಆ ಇಬ್ಬರನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣದ ಸಂಬಂಧಿಕರ ಆಸರೆ ಹಿಡಿದು ಅವರನ್ನು ಗಂಡಸರನ್ನಾಗಿ ಮಾಡಿದವಳು ತಾಯಿ. ಮೈಸೂರಿನ ಇತಿಹಾಸ ಬೇರೆ ದಾರಿ ಹಿಡಿದದ್ದರಲ್ಲಿ ಆ ವಿಧವೆಯ ಹಟಕ್ಕೆ ಪಾಲಿಲ್ಲವೆ? ಮಕ್ಬರಾಕ್ಕೆ ಹೋದವರು ಫತೇ ಮಹಮ್ಮದನನ್ನು ಕೇಳುತ್ತಾರೆ, ಹೈದರನನ್ನು ಕೇಳುತ್ತಾರೆ.

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಮಾತ್ರ ಇದಕ್ಕೆ ಹೊರತಾದದ್ದು ಕಾಣುತ್ತದೆ. ಬಸುರಿ ಸೀತೆ ಬಂದು ನೆಲೆಸಿದ್ದು ಆ ಬೆಟ್ಟದಲ್ಲಿ, ಲವಕುಶರು ಹುಟ್ಟಿದ್ದು ಅಲ್ಲಿ ಎಂಬುದು ನಮ್ಮ ಕಡೆಯ ನಂಬಿಕೆ. ತಪ್ಪಲಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು, ಮೇಲೆ ಸೀತಮ್ಮನ ಗುಡಿ. ಮಕ್ಕಳಾಗದವರು ಹರಕೆ ಹೊತ್ತು ಹತ್ತುತ್ತಾರೆ. ಮಿಥಿಲೆಯಲ್ಲಿ ಹುಟ್ಟಿ, ಅಯೋಧ್ಯೆಯ ಬಿಲ್ಲಾಳನ್ನು ಮದುವೆಯಾಗಿ, ತನ್ನದಲ್ಲದ ಬೆಟ್ಟದಲ್ಲಿ ಒಂಟಿಯಾಗಿ ಎರಡು ಮಕ್ಕಳನ್ನು ಸಾಕಿದವಳನ್ನು ಈ ಜನ ನೆನೆಯುವುದು ಅಗ್ನಿಪರೀಕ್ಷೆಗಾಗಿ ಅಲ್ಲ, ಬಾಣಂತನಕ್ಕಾಗಿ. ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಇಂಗ್ಲಿಷರ ಮಾತು. 1791ರಲ್ಲಿ ಅವರ ಕಾರ್ನ್‌ವಾಲಿಸ್‌ನ ಸೈನ್ಯ ಮುಳಬಾಗಿಲು, ಕೋಲಾರ, ಹೊಸಕೋಟೆಯ ದಾರಿಯಲ್ಲೇ ಬೆಂಗಳೂರಿಗೆ ಹೋಯಿತು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ನೆಲೆಯೂರಿತು. ಅಲ್ಲಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಹೆಂಗಸರೂ ಬಂದರು, ದೊರೆಸಾನಿಯರಷ್ಟೇ ಅಲ್ಲ. ದೊರೆಸಾನಿಯ ಬಂಗಲೆ, ಆಯಾ, ಬಟ್ಲರ್, ಪಂಕಾ ಎಳೆಯುವ ಹುಡುಗ, ಇವೆಲ್ಲ ನಮಗೆ ಕಥೆ ಸಿನಿಮಾಗಳಿಂದ ಗೊತ್ತು. ಆ ಸುಖಕ್ಕೆ ಬೆವರು ಸುರಿಸಿದವರು ನಮ್ಮವರೇ, ಅದನ್ನು ಮರೆತು ಮಾತಾಡಲಾರೆ. ಆದರೆ ಬರಿಯ ಸಿಪಾಯಿಯ ಹೆಂಡತಿಯಾಗಿ ಬಂದ ಬಡ ಇಂಗ್ಲಿಷ್ ಹುಡುಗಿಯ ಬದುಕು ಬೇರೆ. ಮದುವೆಗೆ ರೆಜಿಮೆಂಟಿನ ಅಪ್ಪಣೆ ಬೇಕು. ಲೆಕ್ಕಕ್ಕೆ ಸೇರಿದ ಹೆಂಡತಿಯರಿಗಷ್ಟೇ ಪಡಿ, ಜಾಗ. ಆ ಕಾಲದ ಬ್ಯಾರಕ್ಕುಗಳಲ್ಲಿ ಗಂಡಸರ ಸಾಲು ಮಂಚಗಳ ಮೂಲೆಯಲ್ಲಿ ಒಂದು ಬಟ್ಟೆ ಕಟ್ಟಿಕೊಂಡು ಸಂಸಾರ ಮಾಡಿದವರಿದ್ದರು. ಗಂಡ ಕಾಲರಾದಲ್ಲೋ ಯುದ್ಧದಲ್ಲೋ ಸತ್ತರೆ ಪಡಿ ಕೆಲವೇ ತಿಂಗಳು. ಅಷ್ಟರಲ್ಲಿ ಅದೇ ರೆಜಿಮೆಂಟಿನ ಇನ್ನೊಬ್ಬನ ಕೈಹಿಡಿಯಬೇಕು, ಇಲ್ಲವೇ ಬೀದಿಗೆ ಬೀಳಬೇಕು. ವಿಧವೆಯರಿಗೆ ನೆರವಾಗಲು 1770ರಲ್ಲಿ ಕ್ಲೈವ್ ನಿಧಿ ಹುಟ್ಟಿತ್ತು, ತಬ್ಬಲಿ ಹುಡುಗಿಯರಿಗೆ 1787ರಲ್ಲಿ ಮದರಾಸಿನಲ್ಲಿ ಅನಾಥಾಲಯ ಹುಟ್ಟಿತ್ತು. ಇಂಥವು ಬೇಕಾದವು ಎಂಬುದೇ ಎಷ್ಟೋ ಹೇಳುತ್ತದೆ.

ನಮ್ಮ ಚಿನ್ನದ ಗಣಿಯ ಕಥೆಯೂ ಸಿಪಾಯಿಯೊಬ್ಬನಿಂದಲೇ ಶುರುವಾಗುತ್ತದೆ. ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧ ಕಾದಾಡಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ ಐರಿಷ್ ಸಿಪಾಯಿ ಮೈಕೆಲ್ ಲವೆಲ್ 1870ರ ದಶಕದಲ್ಲಿ ಕೋಲಾರದಲ್ಲಿ ಗಣಿ ತೋಡುವ ಹಕ್ಕು ಪಡೆದ. ಆಮೇಲೆ ಸೇನಾಧಿಕಾರಿಗಳ ಕೂಟವೊಂದು ಅದನ್ನು ಕೊಂಡಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಲವೆಲ್‌ನ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಸ್ತೆಯಿದೆ. ಕೆಜಿಎಫ್‌ನ ಬಂಗಲೆಗಳಲ್ಲಿ ಇದ್ದ ಹೆಂಗಸರು ಮಕ್ಕಳನ್ನು ಏಳೆಂಟು ವರ್ಷಕ್ಕೇ ಹಡಗು ಹತ್ತಿಸಿ ಓದಲು ಕಳಿಸುತ್ತಿದ್ದರು. ಗಂಡನ ಜೊತೆ ಇಲ್ಲಿರಬೇಕೆ, ಮಕ್ಕಳ ಜೊತೆ ಅಲ್ಲಿರಬೇಕೆ ಎಂಬ ಪ್ರಶ್ನೆ ಸೈನ್ಯದವರ ಮನೆಯಲ್ಲಿ ಹೇಗೋ ಗಣಿಯ ಸಾಹೇಬರ ಮನೆಯಲ್ಲೂ ಹಾಗೇ. ಆ ಕಾಲದ ಇಂಗ್ಲಿಷ್ ಗೋರಿಗಲ್ಲುಗಳನ್ನು ಓದಿ ನೋಡಿ, ಇಂಥವನ ಪ್ರೀತಿಯ ಪತ್ನಿ, ಇಂಥವರ ತಾಯಿ ಎಂದಿರುತ್ತದೆ. ಚಿಕ್ಕ ವಯಸ್ಸಿನಲ್ಲಿ ಹೆರಿಗೆಯಲ್ಲಿ ಸತ್ತವಳ ಕಲ್ಲಾದರೆ ನಾಲ್ಕು ಸಾಲು ಹೆಚ್ಚು. ಎಂಬತ್ತು ದಾಟಿದವಳಿಗೆ ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.

ಅಲ್ಲಿಂದ ಇಲ್ಲಿಗೆ ಬಂದವರಂತೆ ಇಲ್ಲಿಂದ ಅಲ್ಲಿಗೆ ಹೋದವಳೂ ಇದ್ದಾಳೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ನಮ್ಮ ಮಾಲೂರು ತಾಲ್ಲೂಕಿನವರು. 1891ರ ಜೂನ್ 6ರಂದು ಹುಟ್ಟಿ 1986ರಲ್ಲಿ ಅದೇ ದಿನ ತೀರಿಕೊಂಡವರು. ಅವರಿಗೆ ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ 1956ರದು. ಆ ಕಾದಂಬರಿಯ ದೆಸೆಯಿಂದಲೇ ನನ್ನ ತಲೆಯಲ್ಲಿ ಕೊಡಗಿನ ಗೌರಮ್ಮ ಕೂತದ್ದು. ರಾಜ್ಯ ಕಳೆದುಕೊಂಡ ಚಿಕ್ಕವೀರರಾಜನ ಮಗಳು, 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. ಅಪ್ಪ 1852ರಲ್ಲಿ ಲಂಡನ್ನಿಗೆ ಕರೆದುಕೊಂಡು ಹೋದ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯೇ ಜ್ಞಾನಮಾತೆಯಾಗಿ ನಿಂತು ಅವಳನ್ನು ಕ್ರೈಸ್ತಳನ್ನಾಗಿ ಮಾಡಿಸಿದಳು. ಪಂಜಾಬಿನ ದುಲೀಪ್ ಸಿಂಗನಿಗೆ ಕೊಡಬೇಕೆಂಬ ರಾಣಿಯ ಆಸೆ ಕೈಗೂಡಲಿಲ್ಲ. 1860ರಲ್ಲಿ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ಮದುವೆಯಾದಳು. ಮರುವರ್ಷ ಮಗಳು ಈಡಿತ್ ಹುಟ್ಟಿದಳು. 1864ರಲ್ಲಿ, ಇಪ್ಪತ್ಮೂರು ತುಂಬುವ ಮುಂಚೆ, ಗೌರಮ್ಮ ಹೋಗಿಬಿಟ್ಟಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಗಂಡ ಅವಳ ಒಡವೆಗಳೊಂದಿಗೆ ಕಣ್ಮರೆಯಾದ.

ಸಿಪಾಯಿಯ ಹೆಂಡತಿಯಾಗಿ, ತಾಯಿಯಾಗಿ, ಪರದೇಶದಲ್ಲಿ ಸತ್ತ ನಮ್ಮ ನಾಡಿನ ಹುಡುಗಿ ಅವಳು. ಅವಳನ್ನು ವಿಂಟರ್‌ಹಾಲ್ಟರ್ ಚಿತ್ರ ಬರೆದ, ಮರೊಕೆಟ್ಟಿ ಶಿಲ್ಪ ಕಡೆದ, ನಮ್ಮ ಕಾಲದಲ್ಲಿ ಸಿ.ಪಿ. ಬೆಳ್ಳಿಯಪ್ಪ ಪುಸ್ತಕ ಬರೆದರು. ಅವಳ ಕಥೆಯ ಅಂಚಿನಲ್ಲಿ ಇನ್ನೊಬ್ಬಳು ನಿಂತಿದ್ದಾಳೆ, ಕ್ಯಾಂಬೆಲ್‌ನ ಅಕ್ಕತಂಗಿಯರಲ್ಲಿ ಒಬ್ಬಳಾದ ಲೀನಾ. ನನಗೆ ಈಗೀಗ ಕುತೂಹಲ ಹುಟ್ಟಿಸುತ್ತಿರುವುದು ಅವಳೇ.

ಲೀನಾ ಕ್ಯಾಂಬೆಲ್ 1820ರಲ್ಲಿ ಹುಟ್ಟಿದವಳು, ಸ್ಕಾಟ್ಲೆಂಡಿನ ಮನೆತನದವಳು. ಹಿಂದೂಸ್ಥಾನಕ್ಕೆ ಬಂದು 1842ರಲ್ಲಿ ಲಖನೌದಲ್ಲಿ ಬಂಗಾಳ ಸೇನೆಯ ವೈದ್ಯ ಜಾನ್ ಲಾಗಿನ್‌ನನ್ನು ಮದುವೆಯಾದಳು. 1849ರಲ್ಲಿ ಪಂಜಾಬು ಕಂಪನಿಯ ಕೈಗೆ ಬಿದ್ದಾಗ ಬಾಲರಾಜ ದುಲೀಪ್ ಸಿಂಗನ ಪಾಲನೆ ಲಾಗಿನ್‌ನ ಪಾಲಿಗೆ ಬಂತು. ಕೊಹಿನೂರ್ ವಜ್ರವೂ ಕೆಲಕಾಲ ಅವನ ಕಾವಲಿನಲ್ಲಿತ್ತು. ಫತೇಗಢದಲ್ಲಿ ಆ ಹುಡುಗನ ಊಟ, ಓದು, ಜ್ವರ, ಹಟ ಎಲ್ಲ ನಡೆದದ್ದು ಲೀನಾಳ ಮನೆಯ ಆವರಣದಲ್ಲಿ. ಮುಂದೆ ಇಂಗ್ಲೆಂಡಿನಲ್ಲಿ ಗೌರಮ್ಮನೂ ಕೆಲವು ಕಾಲ ಅವಳ ಆಸರೆಯಲ್ಲಿದ್ದಳು. ಇಬ್ಬರು ರಾಜ್ಯ ಕಳೆದುಕೊಂಡ ಮಕ್ಕಳನ್ನು, ಅವರ ರಾಜ್ಯವನ್ನು ನುಂಗಿದವರ ಕಡೆಯ ಹೆಂಗಸೊಬ್ಬಳು ಸಾಕಿದಳು. ಆ ಪಾಲನೆಯಲ್ಲಿ ಅಕ್ಕರೆಯೂ ಇತ್ತು, ಆಳುವವರ ಲೆಕ್ಕಾಚಾರವೂ ಇತ್ತು. ಎರಡನ್ನೂ ಬಿಡದೆ ಅವಳನ್ನು ನೋಡಬೇಕು.

1863ರಲ್ಲಿ ಲಾಗಿನ್ ಸತ್ತ. ಅವಳು ಬದುಕಿದ್ದು 1904ರವರೆಗೆ. ನಲವತ್ತು ವರ್ಷಕ್ಕೂ ಮಿಕ್ಕ ವೈಧವ್ಯ, ಎಂದರೆ ಸಂಸಾರ ನಡೆಸಿದ್ದಕ್ಕಿಂತ ಎರಡರಷ್ಟು ಕಾಲ. ತೀರಾ ಇಳಿವಯಸ್ಸಿನಲ್ಲಿ, 1890ರಲ್ಲಿ, ಅವಳು ಒಂದು ಪುಸ್ತಕ ಬರೆದಳು. ಅದರ ಹೆಸರು ‘ಸರ್ ಜಾನ್ ಲಾಗಿನ್ ಅಂಡ್ ದುಲೀಪ್ ಸಿಂಗ್’. ಬರೆದವಳು ಅವಳು, ಶೀರ್ಷಿಕೆಯಲ್ಲಿ ಇಬ್ಬರು ಗಂಡಸರು. ಅವಳ ಸ್ವಂತ ನೆನಪುಗಳು ಅವಳ ಹೆಸರಿನಲ್ಲೇ ಬೆಳಕು ಕಂಡದ್ದು 1916ರಲ್ಲಿ, ಸತ್ತು ಹನ್ನೆರಡು ವರ್ಷದ ಮೇಲೆ. ಹೊರತಂದವಳು ಮಗಳು ಈಡಿತ್ ಡಾಲ್‌ಹೌಸಿ ಲಾಗಿನ್. ಇಷ್ಟು ಓದುಬರಹ, ಇಷ್ಟು ಪ್ರತಿಷ್ಠೆ ಇದ್ದವಳಿಗೂ ತನ್ನ ಬದುಕು ತನ್ನದೆಂದು ಹೇಳಿಸಿಕೊಳ್ಳಲು ಮಗಳೊಬ್ಬಳು ಬೇಕಾಯಿತು.

ಇದನ್ನು ತಿಳಿದುಕೊಂಡಾಗ ನನಗೆ ನನ್ನ ಅಮ್ಮನ ನೆನಪು ಬಾರದೆ ಇರಲು ಸಾಧ್ಯವೇ ಇರಲಿಲ್ಲ. ಅಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವಳು. ಅಪ್ಪ ಮದರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್. 1780ರಲ್ಲಿ ಹುಟ್ಟಿದ ಪಡೆ ಅದು. ಹಲಸೂರು ಕೆರೆಯ ಪಕ್ಕದ ಅದರ ಕೇಂದ್ರಕ್ಕೆ ನಮ್ಮ ಕಡೆಯ ಹುಡುಗರು ತಲೆತಲಾಂತರದಿಂದ ಭರ್ತಿಗೆ ಹೋಗುತ್ತಾರೆ. ಸೇತುವೆ ಹಾಕುವುದು, ರಸ್ತೆ ಮಾಡುವುದು, ನೆಲದೊಳಗಿನ ಮೈನು ತೆಗೆಯುವುದು ಅವರ ಕೆಲಸ. ಅಮ್ಮ ತೀರಿಕೊಂಡಾಗ ಅಚ್ಚು ಹಾಕಿಸಿದ ಕಾರ್ಡಿನಲ್ಲಿ ‘ಮಾಜಿ ಸೈನಿಕರಾದ ದಿವಂಗತ ಇಂಥವರ ಧರ್ಮಪತ್ನಿ’ ಎಂದಿತ್ತು. ಹನ್ನೊಂದನೆಯ ದಿನ ಊಟಕ್ಕೆ ಬಂದ ನೆಂಟರು ಮಾತಾಡಿದ್ದೂ ಅಪ್ಪನನ್ನೇ, 1971ರ ಯುದ್ಧವನ್ನೇ. ಅಮ್ಮ ಅಪ್ಪನಿಗಿಂತ ಬಹಳ ಕಾಲ ಹೆಚ್ಚು ಬದುಕಿದ್ದಳು. ಆ ಕಾಲವೆಲ್ಲ ಯಾರ ಬಾಯಲ್ಲೂ ಬರಲಿಲ್ಲ.

ಅವಳು ಬದುಕಿರುವಾಗ ನಾನು ಕೇಳಿ ಬರೆದುಕೊಂಡದ್ದು ಒಂದು ನೋಟುಪುಸ್ತಕದಲ್ಲಿದೆ. ಮೊದಮೊದಲು ಅದೂ ಅಪ್ಪನ ಕಥೆಯೇ ಆಗುತ್ತಿತ್ತು. “ಆಗ ಎಲ್ಲಿದ್ರಮ್ಮಾ?” ಅಂದರೆ, “ನಿಮ್ಮಪ್ಪಂಗೆ ಜಲಂಧರ್‌ಗೆ ಹಾಕಿದ್ರು” ಅನ್ನುವಳು. “ಆಮೇಲೆ?” ಅಂದರೆ, “ನಿಮ್ಮಪ್ಪಂಗೆ ಫೀಲ್ಡ್ ಬಂತು.” ಅವಳ ಇಡೀ ಬದುಕು ಅಪ್ಪನ ಪೋಸ್ಟಿಂಗಿನ ಪಟ್ಟಿಯಾಗಿತ್ತು. ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, “ಅಲ್ಲಿ ನೀನು ಏನು ತಿಂತಿದ್ದೆ?” ಅಂತ ಕೇಳಿದೆ. ಅದರಿಂದ ಬಾಗಿಲು ತೆರೆಯಿತು.

ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ ಕಪ್ಪು ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚು ರಾಗಿಹಿಟ್ಟು ಇರುತ್ತಿತ್ತಂತೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ರ‍್ಯಾಂಕು, ಹೆಸರು. ಒಳಗೆ ಅಮ್ಮನ ಹಿಟ್ಟು. ಅದು ಮುಗಿಯುವ ದಿನ ಅವಳಿಗೆ ನಿಜವಾಗಿ ಪರದೇಶ ಶುರುವಾಗುತ್ತಿತ್ತು. ಪಕ್ಕದ ಕ್ವಾರ್ಟರ್ಸಿನ ಪಂಜಾಬಿ ಹೆಂಗಸು ರೊಟ್ಟಿ ತಟ್ಟುವುದನ್ನು ಕಲಿಸಿದಳು, ಅಮ್ಮ ಅವಳಿಗೆ ಬಸ್ಸಾರು ಕಲಿಸಿದಳು. ಇಬ್ಬರಿಗೂ ಬರುವ ಒಂದು ಭಾಷೆ ಇರಲಿಲ್ಲ. ತೆಲುಗು ಕನ್ನಡ ಬೆರೆಸಿ ಇವಳು, ಪಂಜಾಬಿಯಲ್ಲಿ ಅವಳು. ಆ ಹೆಂಗಸಿನ ಗಂಡ ಹಿಂದಿರುಗಿ ಬರಲಿಲ್ಲ. ಅವಳು ತನ್ನ ಟ್ರಂಕು ಕಟ್ಟುವಾಗ ಅಮ್ಮನೂ ಕೂತು ಕಟ್ಟಿದ್ದಳು. “ಅವಳ ಊರ್ಯಾವುದೋ ಕೇಳಲೇ ಇಲ್ಲ ಕಣೇ,” ಅಂದಳು ಅಮ್ಮ, ಕಾಯಿ ಬಿಡಿಸುವುದನ್ನು ನಿಲ್ಲಿಸದೆ.

ಅಪ್ಪನಿಗೆ ಫೀಲ್ಡ್, ಎಂದರೆ ಸಂಸಾರ ಒಯ್ಯಲಾಗದ ಪೋಸ್ಟಿಂಗ್, ಬಂದಾಗ ಅಮ್ಮ ನಮ್ಮನ್ನು ಕಟ್ಟಿಕೊಂಡು ಹಳ್ಳಿಗೆ ಬರುತ್ತಿದ್ದಳು. ಕಾಗದದ ಮೇಲೆ ಬರೆಯುವ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ. ನಂಬರು, ಹೆಸರು, ಘಟಕ, ಕೆಳಗೆ ‘56 ಎಪಿಒ’. ಗಂಡ ಹಿಮದಲ್ಲಿದ್ದಾನೋ ಮರಳುಗಾಡಿನಲ್ಲಿದ್ದಾನೋ ಆ ವಿಳಾಸ ಹೇಳುವುದಿಲ್ಲ. ಡಿಸೆಂಬರ್ 1971ರಲ್ಲಿ ಊರಿನವರೆಲ್ಲ ರೇಡಿಯೊ ಮುಂದೆ ಕೂತರೆ ಅಮ್ಮ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಗೆದ್ದ ಸುದ್ದಿಯೂ ಅವಳಿಗೆ ಬೇಡ. ಪೋಸ್ಟ್‌ಮ್ಯಾನು ಸೈಕಲ್ಲಿನಿಂದ ಇಳಿಯದೆ ಮುಂದೆ ಹೋದರೆ ಆ ದಿನ ಗೆದ್ದಂತೆ.

ಇದನ್ನು ಕೇಳುವಾಗಲೇ ನನಗೆ ಹೊಳೆದದ್ದು: ಜಲಂಧರಿನ ಕ್ವಾರ್ಟರ್ಸಿನಲ್ಲಿ ನಮ್ಮಮ್ಮ, ಬೆಂಗಳೂರಿನ ಬ್ಯಾರಕ್ಕಿನಲ್ಲಿ ಇಂಗ್ಲೆಂಡಿನ ಹುಡುಗಿ, ಲಂಡನ್ನಿನಲ್ಲಿ ಗೌರಮ್ಮ, ಸೈನ್ಯದವನ ಕೈಹಿಡಿದವರೆಲ್ಲ ಎಲ್ಲಿಯೋ ಹುಟ್ಟಿ ಎಲ್ಲಿಯೋ ಒಲೆ ಹೂಡಿದವರೇ. ಇವರೆಲ್ಲ ಸಮಾನರೆಂದು ನಾನು ಹೇಳುತ್ತಿಲ್ಲ. ಒಬ್ಬಳು ಗೆದ್ದವರ ಕಡೆಯವಳು, ಒಬ್ಬಳು ಸೋತ ರಾಜನ ಮಗಳು, ಒಬ್ಬಳು ರಾಗಿ ಬೆಳೆಯುವವರ ಮನೆಯವಳು. ಆದರೆ ಅವರ ಸೇವೆಯನ್ನು ಗಂಡನ ಸೇವೆಯ ಬಾಲ ಎಂದು ಬಗೆಯುವುದು ಎಲ್ಲರಿಗೂ ಒಂದೇ ಅನ್ಯಾಯ. ಅವನಿಗೆ ನಿವೃತ್ತಿ ಇತ್ತು. ಅವಳಿಗೆ ಇರಲಿಲ್ಲ.

ಪಾಲ್ ಸ್ಕಾಟ್‌ನ ‘ಸ್ಟೇಯಿಂಗ್ ಆನ್’ ಕಾದಂಬರಿಗೆ 1977ರ ಬುಕರ್ ಬಂತು. ಸ್ವಾತಂತ್ರ್ಯದ ನಂತರವೂ ಇಲ್ಲೇ ಉಳಿದ ಮುದಿ ಕರ್ನಲ್ ಮತ್ತು ಅವನ ಹೆಂಡತಿ ಲೂಸಿಯ ಕಥೆ. ಇವನು ಸತ್ತರೆ ನನ್ನ ಗತಿಯೇನು, ನನಗೆಂದು ಏನುಳಿದಿದೆ ಎಂಬುದೇ ಲೂಸಿಯ ಎದೆಯ ಮುಳ್ಳು. ಆ ಪ್ರಶ್ನೆಗೆ ಅಮ್ಮನ ಹತ್ತಿರ ಉತ್ತರವಿತ್ತು, ಅದು ನಾನು ಎಣಿಸಿದ್ದಲ್ಲ.

ಅಪ್ಪ ಹೋದ ಮೇಲೆ ಅವಳ ಹೆಸರಿಗೆ ಕುಟುಂಬ ಪಿಂಚಣಿ ಬಂತು. ಅವಳದೇ ಪಾಸ್‌ಬುಕ್ಕು, ಅವಳದೇ ಸಹಿ. ಎರಡು ಸೀಮೆಹಸು ಕೊಂಡಳು, ಊರಿನ ಡೈರಿಗೆ ಹಾಲು ಹಾಕಿದಳು. ಇದ್ದ ಮಾವಿನ ತೋಪನ್ನು ಗುತ್ತಿಗೆಗೆ ಕೊಡದೆ ತಾನೇ ನಿಂತು ಕಾಯಿ ಇಳಿಸಿ ಶ್ರೀನಿವಾಸಪುರದ ಮಂಡಿಗೆ ಕಳಿಸಿದಳು. ಪ್ರತಿ ನವೆಂಬರಿನಲ್ಲೂ ಬದುಕಿದ್ದೇನೆ ಎಂದು ತೋರಿಸಲು ಬ್ಯಾಂಕಿಗೆ ಹೋಗಬೇಕು. ಅದಕ್ಕೆ ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದೇ ಹೋಗುತ್ತಿದ್ದಳು. ವಿಧವೆ ಹೂವು ಮುಡಿಯುವುದೇನು ಎಂದವರಿಗೆ, “ಬದುಕಿದೀನಿ ಅಂತ ತೋರ್ಸೋಕೆ ಹೋಗ್ತಿದೀನಿ, ಸತ್ತೋಳ ಥರ ಹೋಗ್ಲಾ?” ಅಂತ ಕೇಳಿದ್ದಳು. ಒಮ್ಮೆ ನಾನು ಹೆದರುತ್ತಲೇ, ನಿನಗೆ ಯಾವ ಕಾಲ ಚೆನ್ನಾಗಿತ್ತಮ್ಮಾ ಎಂದಾಗ ತಡಮಾಡದೆ ಹೇಳಿದಳು: “ಹಸು ಕಟ್ಟಿದ ಮೇಲೆ. ಒಂದೇ ಊರಲ್ಲಿ ಇದ್ನಲ್ಲ.” ಅಪ್ಪನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಅವನ ಟ್ರಂಕನ್ನು ಕೊನೆಯವರೆಗೂ ಒರೆಸಿ ಇಟ್ಟುಕೊಂಡಿದ್ದಳು. ಆದರೂ ಅವಳ ಆಯುಷ್ಯದ ಹೆಚ್ಚಿನ ಪಾಲು ಹೆಂಡತಿ ಎನ್ನುವ ಅಂಕಿತದ ಆಚೆಗಿತ್ತು. ಅಲ್ಲಿ ಅವಳು ಸುಖವಾಗಿದ್ದಳು. ಆ ಕಾರ್ಡಿನಲ್ಲಿ ಅಚ್ಚಾಗಬೇಕಾಗಿದ್ದದ್ದು ಅದು.

ಈಡಿತ್ ಲಾಗಿನ್‌ಳ ಕೆಲಸ ಹಾಗಾಗಿ ನನಗೆ ದೊಡ್ಡದು. ಅವಳ ತಾಯಿ ಬರೆಯಬಲ್ಲವಳು, ಅಮ್ಮ ಸಹಿ ಮಾತ್ರ ಮಾಡಬಲ್ಲವಳು. ಆದ್ದರಿಂದ ಇಲ್ಲಿ ಕೇಳುವವರ ಹೊಣೆ ಇನ್ನೂ ಹೆಚ್ಚು. ಶ್ರೀನಿವಾಸಪುರದ ಕಡೆ ಅಮ್ಮನ ಜೊತೆಯವರು, ಸ್ಯಾಪರ್ಸ್ ಮನೆಗಳ ಹೆಂಗಸರು, ಇನ್ನೂ ಕೆಲವರು ಇದ್ದಾರೆ. ಒಬ್ಬಳು ಲಡಾಖಿನ ಕಾಗದಗಳನ್ನು ಕಟ್ಟಿಟ್ಟಿದ್ದಾಳೆ, ಇನ್ನೊಬ್ಬಳು ಝಾನ್ಸಿಯಲ್ಲಿ ಕಲಿತ ಸ್ವೆಟರ್ ಹೆಣಿಗೆಯಿಂದ ಮಕ್ಕಳನ್ನು ಓದಿಸಿದಳು. ಅವರ ಗಂಡಂದಿರು ಎಲ್ಲೆಲ್ಲಿದ್ದರು ಎಂದು ನಾನು ಕೇಳುವುದಿಲ್ಲ. ಏನು ತಿಂದಿರಿ, ನೀರು ಎಲ್ಲಿಂದ ತಂದಿರಿ, ಪಕ್ಕದ ಮನೆಯವಳು ಯಾರು, ಮೊದಲ ದುಡ್ಡು ಕೈಗೆ ಬಂದಾಗ ಏನು ಕೊಂಡಿರಿ ಎಂದು ಕೇಳುತ್ತೇನೆ. ಅವರು ಹೇಳುವುದು ತೆಲುಗಿನಲ್ಲಿ. ತೆಲುಗಿನಲ್ಲೇ ಬರೆದುಕೊಳ್ಳುತ್ತಿದ್ದೇನೆ, ಆಮೇಲೆ ಕನ್ನಡಕ್ಕೆ ತರುತ್ತೇನೆ.